ಉದ್ಯೋಗ ಪ್ರಕಟಣೆಯನ್ನು ಇಂಗ್ಲಿಷಿನಲ್ಲಿ ಓದಿ ಅರ್ಥಮಾಡಿಕೊಳ್ಳುವುದು: ಪ್ರೌಢಶಾಲೆಯ ಮಕ್ಕಳಿಗೆ ಹಂತ ಹಂತದ ಅಭ್ಯಾಸ

ಕೇಂದ್ರದ ಸಿಬ್ಬಂದಿ ನೇಮಕಾತಿ ಆಯೋಗವು ಹತ್ತನೆಯ ತರಗತಿ ಪಾಸಾದವರಿಗಾಗಿ ನಡೆಸುವ ಮಲ್ಟಿ ಟಾಸ್ಕಿಂಗ್ ಸ್ಟಾಫ್ ಪರೀಕ್ಷೆಯನ್ನು, ಅದರ ಇಂಗ್ಲಿಷ್ ಭಾಷೆಯ ಭಾಗವೊಂದನ್ನು ಬಿಟ್ಟರೆ, 2023ರಿಂದ ಕನ್ನಡದಲ್ಲಿಯೂ ಬರೆಯಬಹುದಾಗಿದೆ. ಆದರೆ ಆ ಪರೀಕ್ಷೆಗೆ ಯಾರು ಅರ್ಹರು, ವಯಸ್ಸನ್ನು ಯಾವ ದಿನಾಂಕಕ್ಕೆ ಲೆಕ್ಕ ಹಾಕುತ್ತಾರೆ, ಯಾವ ಪ್ರಮಾಣಪತ್ರ ಯಾವ ನಮೂನೆಯಲ್ಲಿರಬೇಕು ಎಂಬುದನ್ನೆಲ್ಲ ತಿಳಿಸುವ ಹಲವು ಪುಟಗಳ ಅಧಿಸೂಚನೆ ಮಾತ್ರ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಬರುತ್ತದೆ. ರೈಲ್ವೆಯ ಅಪ್ರೆಂಟಿಸ್ ತರಬೇತಿಯ ಪ್ರಕಟಣೆ, ಅಂಚೆ ಇಲಾಖೆಯ ನೇಮಕಾತಿಯ ವಿವರ, ಖಾಸಗಿ ಕಂಪನಿ ಕೊಡುವ ಆಫರ್ ಲೆಟರ್ ಇವುಗಳ ಸ್ಥಿತಿಯೂ ಹೆಚ್ಚುಕಡಿಮೆ ಇದೇ. ಹೀಗಾಗಿ ಕನ್ನಡ ಮಾಧ್ಯಮದಲ್ಲಿ ಓದಿದ ಎಷ್ಟೋ ಮಕ್ಕಳು ಕೆಲಸಕ್ಕೆ ಬೇಕಾದ ಅರ್ಹತೆ ಇದ್ದರೂ ಪ್ರಕಟಣೆಯನ್ನು ತಾವೇ ಓದುವುದಿಲ್ಲ. ಸೈಬರ್ ಸೆಂಟರಿನವರು ಹೇಳಿದ್ದನ್ನೋ ವಾಟ್ಸ್‌ಆ್ಯಪ್‌ನಲ್ಲಿ ಬಂದ ನಾಲ್ಕು ಸಾಲಿನ ಸಾರಾಂಶವನ್ನೋ ನಂಬಿ ಅರ್ಜಿ ಹಾಕುತ್ತಾರೆ, ಇಲ್ಲವೇ ಹಾಕದೆ ಬಿಡುತ್ತಾರೆ.

ಎಂಟರಿಂದ ಹತ್ತನೆಯ ತರಗತಿಯವರೆಗಿನ ಮಕ್ಕಳಿಗೆ ಇಂಗ್ಲಿಷ್ ಓದಿನ ಅಭ್ಯಾಸವನ್ನು ಈ ಪ್ರಕಟಣೆಗಳಿಂದಲೇ ಮಾಡಿಸುವುದು ಹೇಗೆ ಎಂಬುದನ್ನು ಈ ಲೇಖನ ವಿವರಿಸುತ್ತದೆ. ಮುಖ್ಯವಾಗಿ ಇಂಗ್ಲಿಷ್ ಕಲಿಸುವ ಶಿಕ್ಷಕರನ್ನೂ ಮನೆಯಲ್ಲಿ ಮಕ್ಕಳ ಜೊತೆ ಕುಳಿತು ಓದಿಸುವ ಹಿರಿಯರನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆದಿದೆ; ಹತ್ತನೆಯ ತರಗತಿಯ ವಿದ್ಯಾರ್ಥಿಗಳು ತಾವೇ ಓದಿಕೊಂಡು ಅಭ್ಯಾಸ ಮಾಡಲೂ ಅಡ್ಡಿಯಿಲ್ಲ. ಇಲ್ಲಿ ಇಂಗ್ಲಿಷ್ ಮಾತುಗಳನ್ನು ಕನ್ನಡ ಅಕ್ಷರಗಳಲ್ಲಿ ಕೊಟ್ಟಿದೆ, ಆದರೆ ಕಪ್ಪುಹಲಗೆಯ ಮೇಲೆ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಬೇಕು, ಏಕೆಂದರೆ ಮಕ್ಕಳ ಕಣ್ಣು ಪಳಗಬೇಕಾದದ್ದು ಆ ರೂಪಕ್ಕೆ.

ಪರೀಕ್ಷೆಯ ಗದ್ಯಭಾಗವನ್ನು ಓದಿ ಉತ್ತರಿಸುವ ನಮ್ಮ ಸಾಮಾನ್ಯ ಅಭ್ಯಾಸದಲ್ಲಿ ಒಂದು ದೊಡ್ಡ ಕೊರತೆಯಿದೆ. ಪ್ರಶ್ನೆಯಲ್ಲಿರುವ ಒಂದೆರಡು ಪದಗಳು ಗದ್ಯದ ಯಾವ ಸಾಲಿನಲ್ಲಿವೆ ಎಂದು ಹುಡುಕಿ ಆ ಸಾಲನ್ನು ಹಾಗೆಯೇ ನಕಲು ಮಾಡಿದರೆ ಅಂಕ ಸಿಗುತ್ತದೆ ಎಂಬುದನ್ನು ಮಕ್ಕಳು ಬಹಳ ಬೇಗ ಕಂಡುಕೊಳ್ಳುತ್ತಾರೆ. ಅರ್ಥವಾಗದೆಯೂ ಉತ್ತರ ಸರಿಯಾಗುತ್ತದೆ. ಉದ್ಯೋಗ ಪ್ರಕಟಣೆಯಲ್ಲಿ ಈ ಉಪಾಯ ನಡೆಯುವುದಿಲ್ಲ, ಏಕೆಂದರೆ ಅಲ್ಲಿ ಓದುಗನ ಮುಂದಿರುವ ಪ್ರಶ್ನೆ ‘ಇದು ನನಗೆ ಅನ್ವಯಿಸುತ್ತದೆಯೇ?’ ಎಂಬುದು. ಅದಕ್ಕೆ ಉತ್ತರ ಯಾವ ಒಂದು ಸಾಲಿನಲ್ಲಿಯೂ ಬರೆದಿರುವುದಿಲ್ಲ. ಎರಡು ಮೂರು ಸಾಲುಗಳನ್ನು ಸೇರಿಸಿ ಓದಿ, ತನ್ನ ವಯಸ್ಸು, ಅಂಕ, ಊರು ಇವುಗಳೊಂದಿಗೆ ಹೋಲಿಸಿ ನೋಡಿದಾಗ ಮಾತ್ರ ಅದು ದೊರಕುತ್ತದೆ. ಓದಿನ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಇಲ್ಲವೆಂದು ನಾನು ನಂಬಲು ಕಾರಣ ಅದೇ.

ಮೊದಲ ಹಂತ: ಪಠ್ಯವನ್ನು ಆರಿಸುವುದು

ಎಂಟನೆಯ ತರಗತಿಗೆ ನಾಲ್ಕೈದು ಸಾಲಿನ ‘ವಾಂಟೆಡ್’ ಜಾಹೀರಾತುಗಳು ಸಾಕು. ಊರಿನ ಬಟ್ಟೆ ಅಂಗಡಿ, ಮೊಬೈಲ್ ರಿಪೇರಿ ಅಂಗಡಿ, ನರ್ಸಿಂಗ್ ಹೋಮ್, ಪೆಟ್ರೋಲ್ ಬಂಕ್ ಇವುಗಳ ಮುಂದೆ ಅಂಟಿಸಿದ ಚೀಟಿಗಳು ಮತ್ತು ಇಂಗ್ಲಿಷ್ ದಿನಪತ್ರಿಕೆಗಳ ವರ್ಗೀಕೃತ ಜಾಹೀರಾತುಗಳು ಸುಲಭವಾಗಿ ಸಿಗುತ್ತವೆ. ಒಂಬತ್ತನೆಯ ತರಗತಿಗೆ ಒಂದು ಪುಟದಷ್ಟು ಉದ್ದದ ಪ್ರಕಟಣೆ ಇರಲಿ. ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿ ಇರುವ ನೈರುತ್ಯ ರೈಲ್ವೆಯ ಅಪ್ರೆಂಟಿಸ್ ಅಧಿಸೂಚನೆಯಿಂದ ಆಯ್ದ ಭಾಗಗಳು ಇದಕ್ಕೆ ಚೆನ್ನಾಗಿ ಹೊಂದುತ್ತವೆ. ಹತ್ತನೆಯ ತರಗತಿಯವರು ಅಂಚೆ ಇಲಾಖೆಯ ಗ್ರಾಮೀಣ ಡಾಕ್ ಸೇವಕ್ ಅಧಿಸೂಚನೆ, ಅರ್ಜಿ ನಮೂನೆ, ಆಫರ್ ಲೆಟರ್ ಇವುಗಳವರೆಗೂ ಹೋಗಬಹುದು. ಕೇಂದ್ರ ಸರ್ಕಾರದ ವಾರಪತ್ರಿಕೆ ‘ಎಂಪ್ಲಾಯ್‌ಮೆಂಟ್ ನ್ಯೂಸ್’ 1976ರಿಂದ ಇಂಗ್ಲಿಷ್, ಹಿಂದಿ ಮತ್ತು ಉರ್ದುವಿನಲ್ಲಿ ಪ್ರಕಟವಾಗುತ್ತಿದೆ. ಅದರ ಹಳೆಯ ಸಂಚಿಕೆಯೂ ಅಭ್ಯಾಸಕ್ಕೆ ಹೊಸದರಷ್ಟೇ ಉಪಯುಕ್ತ. 2015ರಲ್ಲಿ ಆರಂಭವಾದ ನ್ಯಾಷನಲ್ ಕರಿಯರ್ ಸರ್ವಿಸ್ ಜಾಲತಾಣದಲ್ಲಿ ಖಾಸಗಿ ಹುದ್ದೆಗಳ ವಿವರಗಳು ಉಚಿತವಾಗಿ ಸಿಗುತ್ತವೆ.

ಆಯ್ದ ಪಠ್ಯವನ್ನು ಕತ್ತರಿಸಬಹುದು, ಆದರೆ ತಿದ್ದಬಾರದು. ಮಕ್ಕಳಿಗೆ ಕಷ್ಟವಾಗುತ್ತದೆಂದು ವಾಕ್ಯಗಳನ್ನು ಸರಳಗೊಳಿಸಿ ಬರೆದುಕೊಟ್ಟರೆ ಅವರು ಕಲಿಯುವುದು ಶಿಕ್ಷಕರ ಇಂಗ್ಲಿಷನ್ನೇ ಹೊರತು ಪ್ರಕಟಣೆಯ ಇಂಗ್ಲಿಷನ್ನಲ್ಲ. ಮೂವತ್ತು ಪುಟದಿಂದ ಹನ್ನೆರಡು ಸಾಲು ಆರಿಸಿ, ಆ ಹನ್ನೆರಡನ್ನು ಇದ್ದ ಹಾಗೆಯೇ ಕೊಡಿ.

ಅಂಗಡಿಗಳ ಚೀಟಿಗಳನ್ನು ಓದಿಸುವಾಗ ಕಾನೂನಿನ ಒಂದು ಮಾತನ್ನೂ ಜೊತೆಗೆ ಹೇಳಬೇಕು. ಬಾಲ ಮತ್ತು ಕಿಶೋರ ಕಾರ್ಮಿಕ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿಯ ಪ್ರಕಾರ 14 ವರ್ಷ ತುಂಬದವರನ್ನು ಯಾವ ಉದ್ದಿಮೆಯಲ್ಲಿಯೂ ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ. ಶಾಲೆಯ ಸಮಯದ ಹೊರಗೆ ಕುಟುಂಬದ ಕೆಲಸದಲ್ಲಿ ನೆರವಾಗುವುದು ಮತ್ತು ಕಲಾವಿದರಾಗಿ ಭಾಗವಹಿಸುವುದಕ್ಕೆ ಮಾತ್ರ ಷರತ್ತುಬದ್ಧ ವಿನಾಯಿತಿ ಇದೆ. 14ರಿಂದ 18 ವರ್ಷದವರನ್ನು ಅಪಾಯಕಾರಿ ಕೆಲಸಗಳಿಗೆ ಹಚ್ಚುವಂತಿಲ್ಲ. ಈ ಅಭ್ಯಾಸದ ಉದ್ದೇಶ ಮಕ್ಕಳನ್ನು ಇಂದೇ ಕೆಲಸಕ್ಕೆ ಕಳುಹಿಸುವುದಲ್ಲ ಎಂಬುದು ಮಕ್ಕಳಿಗೂ ಪಾಲಕರಿಗೂ ಸ್ಪಷ್ಟವಾಗಿರಲಿ.

ಎರಡನೆಯ ಹಂತ: ಓದುವ ಮೊದಲೇ ಪ್ರಶ್ನೆಗಳನ್ನು ಕೊಡುವುದು

ಪಠ್ಯವನ್ನು ಹಂಚುವ ಮುನ್ನ ಹಲಗೆಯ ಮೇಲೆ ಕನ್ನಡದಲ್ಲಿ ಆರು ಪ್ರಶ್ನೆಗಳನ್ನು ಬರೆಯಿರಿ: ಕರೆಯುತ್ತಿರುವವರು ಯಾರು, ಯಾವ ಕೆಲಸಕ್ಕೆ, ಯಾರು ಅರ್ಜಿ ಹಾಕಬಹುದು, ಯಾವಾಗಿನವರೆಗೆ, ಹೇಗೆ ಅರ್ಜಿ ಹಾಕಬೇಕು, ಏನು ಕೊಡುತ್ತಾರೆ. ನಂತರ ಮಕ್ಕಳು ನಿಘಂಟನ್ನು ಮುಟ್ಟದೆ ಒಮ್ಮೆ ಮೌನವಾಗಿ ಓದಿ, ಪ್ರತಿ ಪ್ರಶ್ನೆಗೆ ಉತ್ತರ ಇರಬಹುದೆನಿಸುವ ಸಾಲಿನ ಪಕ್ಕದಲ್ಲಿ ಆ ಪ್ರಶ್ನೆಯ ಸಂಖ್ಯೆಯನ್ನಷ್ಟೇ ಬರೆಯಲಿ. ಉತ್ತರ ಬರೆಯುವುದು ಈಗ ಬೇಡ. ಎಂಟನೆಯ ತರಗತಿಯ ಮಗುವಿಗೂ ದಿನಾಂಕ ಇರುವ ಸಾಲು ‘ಯಾವಾಗಿನವರೆಗೆ’ ಎಂಬುದಕ್ಕೆ, ರೂಪಾಯಿ ಚಿಹ್ನೆ ಇರುವ ಸಾಲು ‘ಏನು ಕೊಡುತ್ತಾರೆ’ ಎಂಬುದಕ್ಕೆ ಸೇರುತ್ತದೆಂದು ಹೊಳೆಯುತ್ತದೆ. ಇಡೀ ಪುಟದಲ್ಲಿ ಅರ್ಧದಷ್ಟು ಪದಗಳು ಗೊತ್ತಿಲ್ಲದಿದ್ದರೂ ಪುಟದ ನಕ್ಷೆಯೊಂದು ಕೈಗೆ ಸಿಗುತ್ತದೆ. ರೂಪಾಯಿ ಚಿಹ್ನೆಯ ಸಾಲು ಕೆಲವೊಮ್ಮೆ ಸಂಬಳದ್ದಲ್ಲ, ಅರ್ಜಿ ಶುಲ್ಕದ್ದು ಎಂಬುದು ಎರಡನೆಯ ಓದಿನಲ್ಲಿ ತಿಳಿದಾಗ ಆಗುವ ಚರ್ಚೆ ತುಂಬ ಫಲಕಾರಿ, ಹಾಗಾಗಿ ಮೊದಲೇ ತಿದ್ದಲು ಹೋಗಬೇಡಿ.

ನಿಘಂಟಿನ ಸರದಿ ಎರಡನೆಯ ಓದಿನ ನಂತರ. ಒಂದು ಪಠ್ಯಕ್ಕೆ ಐದು ಪದಗಳ ಮಿತಿ ಇರಲಿ. ಯಾವ ಐದು ಎಂಬುದನ್ನು ಮಗುವೇ ಆರಿಸಲಿ. ಯಾವ ಪದ ಗೊತ್ತಾಗದಿದ್ದರೆ ಅರ್ಥ ಕೆಡುತ್ತದೆ, ಯಾವುದನ್ನು ಬಿಟ್ಟು ಮುಂದೆ ಹೋಗಬಹುದು ಎಂದು ತೀರ್ಮಾನಿಸುವುದೂ ಓದಿನ ಭಾಗವೇ. ಮುದ್ರಿತ ನಿಘಂಟು ಇಲ್ಲದ ಕಡೆ ಮೈಸೂರಿನ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥೆಯ ಭಾರತವಾಣಿ ಜಾಲತಾಣದ ನಿಘಂಟುಗಳನ್ನು ಬಳಸಬಹುದು. ಪದವನ್ನು ಒಂಟಿಯಾಗಿ ಬರೆದುಕೊಳ್ಳದೆ, ಅದು ಬಂದ ವಾಕ್ಯದೊಂದಿಗೆ ಬರೆದುಕೊಳ್ಳಲು ಹೇಳಿ.

ಮೂರನೆಯ ಹಂತ: ಕ್ರಿಯಾಪದವನ್ನು ಮೊದಲು ಹುಡುಕುವುದು

ಕನ್ನಡದಲ್ಲಿ ನಾವು ಷರತ್ತನ್ನು ಮೊದಲು ಹೇಳಿ, ವ್ಯಕ್ತಿಯನ್ನು ಆಮೇಲೆ ತಂದು, ಕ್ರಿಯಾಪದದೊಂದಿಗೆ ಮುಗಿಸುತ್ತೇವೆ. ‘ಪರೀಕ್ಷೆಯಲ್ಲಿ ಪಾಸಾಗಿರದ ಅಭ್ಯರ್ಥಿಗಳು ಅರ್ಜಿ ಹಾಕುವಂತಿಲ್ಲ’ ಎಂಬ ಮಾತಿನ ತೂಕವೆಲ್ಲ ಕೊನೆಯ ಪದದಲ್ಲಿದೆ. ಹಾಗಾಗಿ ನಮ್ಮ ಮಕ್ಕಳ ಗಮನ ಸಹಜವಾಗಿಯೇ ವಾಕ್ಯದ ಕೊನೆಗೆ ಹೋಗುತ್ತದೆ. ಇಂಗ್ಲಿಷ್ ಅಧಿಸೂಚನೆಯಲ್ಲಿ ಅದೇ ಮಾತು ಹೀಗೆ ಬರುತ್ತದೆ: ‘ಕ್ಯಾಂಡಿಡೇಟ್ಸ್ ಹೂ ಹ್ಯಾವ್ ನಾಟ್ ಪಾಸ್ಡ್ ದ ಎಕ್ಸಾಮಿನೇಷನ್ ಆನ್ ದ ಡೇಟ್ ಆಫ್ ನೋಟಿಫಿಕೇಷನ್ ಆರ್ ನಾಟ್ ಎಲಿಜಿಬಲ್ ಟು ಅಪ್ಲೈ.’ ಕೊನೆಯ ಮೂರು ಪದಗಳನ್ನಷ್ಟೇ ಹಿಡಿದ ಮಗು ‘ಅರ್ಜಿ ಹಾಕಲು ಅರ್ಹರು’ ಎಂದು ಓದಿಕೊಳ್ಳುತ್ತದೆ. ಎರಡು ಕಡೆ ಬಂದ ‘ನಾಟ್’ ಒಂದನ್ನೊಂದು ಹೊಡೆದುಹಾಕುತ್ತದೆ ಎಂದು ವಾದಿಸುವ ಮಕ್ಕಳೂ ಇರುತ್ತಾರೆ.

ಇದಕ್ಕೆ ಪರಿಹಾರ ಪೆನ್ಸಿಲಿನ ಕೆಲಸ. ಮೊದಲು ‘ಹೂ’ ಎಂಬಲ್ಲಿಂದ ‘ನೋಟಿಫಿಕೇಷನ್’ವರೆಗಿನ ಭಾಗವನ್ನು ಆವರಣದೊಳಗೆ ಹಾಕಿಸಿ. ಹೊರಗೆ ಉಳಿಯುವುದು ‘ಕ್ಯಾಂಡಿಡೇಟ್ಸ್ ಆರ್ ನಾಟ್ ಎಲಿಜಿಬಲ್ ಟು ಅಪ್ಲೈ’ ಎಂಬಷ್ಟೇ; ಅದರ ಕ್ರಿಯಾಪದಕ್ಕೆ ಎರಡು ಗೆರೆ ಎಳೆಸಿ. ಈಗ ‘ಯಾವ ಅಭ್ಯರ್ಥಿಗಳು?’ ಎಂದು ಕೇಳಿದರೆ ಉತ್ತರ ಆವರಣದಲ್ಲಿದೆ. ಆಮೇಲೆ ಇಡೀ ವಾಕ್ಯವನ್ನು ಮಗು ಕನ್ನಡದಲ್ಲಿ ಬಾಯಿಬಿಟ್ಟು ಹೇಳಲಿ. ಪದಕ್ಕೆ ಪದ ಇಟ್ಟು ಹೇಳುವ ಅಗತ್ಯವಿಲ್ಲ. ಮನೆಯಲ್ಲಿ ಅಜ್ಜಿಗೆ ವಿವರಿಸುವಂತೆ ಹೇಳಿದರೆ ಸಾಕು. ‘ಹೂ’, ‘ವಿಚ್’, ‘ಹೂಸ್’ ಎಂಬ ಪದಗಳು ಬಂದಲ್ಲೆಲ್ಲ ಇದನ್ನೇ ಮಾಡಿಸಿದರೆ ಕೆಲವೇ ವಾರಗಳಲ್ಲಿ ಆವರಣ ಕಣ್ಣಿಗೇ ಕಾಣತೊಡಗುತ್ತದೆ.

ಇನ್ನೊಂದು ವಾಕ್ಯ ಬಹುತೇಕ ಎಲ್ಲ ಪ್ರಕಟಣೆಗಳಲ್ಲಿಯೂ ಇರುತ್ತದೆ: ‘ಅಪ್ಲಿಕೇಷನ್ಸ್ ರಿಸೀವ್ಡ್ ಆಫ್ಟರ್ ದ ಡ್ಯೂ ಡೇಟ್ ವಿಲ್ ನಾಟ್ ಬಿ ಎಂಟರ್‌ಟೇನ್ಡ್.’ ‘ಎಂಟರ್‌ಟೇನ್’ ಎಂದರೆ ಮನರಂಜನೆ ಎಂದು ತಿಳಿದಿರುವ ಮಗು ಇಲ್ಲಿ ಗಲಿಬಿಲಿಗೊಳ್ಳುವುದು ಸಹಜ. ಇಲ್ಲಿ ಅದರ ಅರ್ಥ ‘ಪರಿಗಣಿಸು’ ಎಂದು. ಆದರೆ ಇದಕ್ಕಿಂತ ಮುಖ್ಯವಾದದ್ದು ‘ರಿಸೀವ್ಡ್’ ಎಂಬ ಪದ. ಅರ್ಜಿಯನ್ನು ಕೊನೆಯ ದಿನಾಂಕದೊಳಗೆ ಅಂಚೆಗೆ ಹಾಕಿದರೆ ಸಾಲದು, ಅದು ಆ ದಿನಾಂಕದೊಳಗೆ ಕಚೇರಿಯನ್ನು ತಲುಪಿರಬೇಕು. ‘ಒಬ್ಬರು ಕೊನೆಯ ದಿನ ಬೆಳಿಗ್ಗೆ ಬೀದರ್‌ನಿಂದ ಬೆಂಗಳೂರಿನ ವಿಳಾಸಕ್ಕೆ ಸ್ಪೀಡ್ ಪೋಸ್ಟ್ ಮಾಡಿದರು, ಅವರ ಅರ್ಜಿಯ ಗತಿ ಏನು?’ ಎಂದು ಕೇಳಿದಾಗ ಸರಿಯಾಗಿ ಉತ್ತರಿಸಿದ ಮಗುವಿಗೆ ಆ ವಾಕ್ಯ ನಿಜವಾಗಿ ಅರ್ಥವಾಗಿದೆ.

ನಾಲ್ಕನೆಯ ಹಂತ: ಸಣ್ಣ ಪದಗಳು

ಈ ಹಂತಕ್ಕೆ ಹೆಚ್ಚು ಸಮಯ ಕೊಡಬೇಕು. ಮಕ್ಕಳು ‘ಕ್ವಾಲಿಫಿಕೇಷನ್’, ‘ಎಕ್ಸ್‌ಪೀರಿಯೆನ್ಸ್’ ಮುಂತಾದ ಉದ್ದ ಪದಗಳಿಗೆ ಹೆದರುತ್ತಾರೆ, ಆದರೆ ಆ ಪದಗಳು ಕನ್ನಡದ ಮಾತಿನಲ್ಲಿಯೇ ಬಳಕೆಯಲ್ಲಿರುವುದರಿಂದ ಅರ್ಥ ಬೇಗ ಆಗುತ್ತದೆ. ತೀರ್ಮಾನವನ್ನು ಬದಲಿಸುವುದು ಮೂರು ನಾಲ್ಕು ಅಕ್ಷರದ ಪದಗಳು. ‘ಎಸ್‌ಎಸ್‌ಎಲ್‌ಸಿ ಆ್ಯಂಡ್ ಐಟಿಐ’ ಎಂದರೆ ಎರಡೂ ಬೇಕು, ‘ಎಸ್‌ಎಸ್‌ಎಲ್‌ಸಿ ಆರ್ ಐಟಿಐ’ ಎಂದರೆ ಒಂದಿದ್ದರೆ ಸಾಕು. ‘ಅಟ್ ಲೀಸ್ಟ್’ ಮತ್ತು ‘ನಾಟ್ ಲೆಸ್ ದ್ಯಾನ್’ ಒಂದೇ ಅರ್ಥವನ್ನು ಕೊಡುತ್ತವೆ, ಆದರೆ ಎರಡನೆಯದರಲ್ಲಿ ‘ನಾಟ್’ ಮತ್ತು ‘ಲೆಸ್’ ಇರುವುದರಿಂದ ಮಕ್ಕಳು ಅದನ್ನು ‘ಕಡಿಮೆ ಇರಬೇಕು’ ಎಂದು ತಿಳಿಯುತ್ತಾರೆ. ‘ಸ್ಯಾಲರಿ ಅಪ್ ಟು 18,000’ ಎಂದು ಬರೆದಿದ್ದರೆ 18,000 ಕೊಡುತ್ತಾರೆಂಬ ಭರವಸೆ ಅದರಲ್ಲಿಲ್ಲ; 9,000 ಕೊಟ್ಟರೂ ಜಾಹೀರಾತು ಸುಳ್ಳಾಗುವುದಿಲ್ಲ.

ತರಗತಿಯಲ್ಲಿ ‘ಶುಡ್’ ಎಂದರೆ ಸಲಹೆ, ‘ಮಸ್ಟ್’ ಎಂದರೆ ಕಡ್ಡಾಯ ಎಂದು ಕಲಿಸಿರುತ್ತೇವೆ. ಅಧಿಸೂಚನೆಗಳಲ್ಲಿ ‘ಶುಡ್ ಹ್ಯಾವ್ ಪಾಸ್ಡ್’ ಎಂದು ಬಂದರೆ ಅದು ಸಲಹೆಯಲ್ಲ, ಕಡ್ಡಾಯವೇ. ‘ಷಲ್’ ಕೂಡ ಅಲ್ಲಿ ಕಡ್ಡಾಯವನ್ನೇ ಹೇಳುತ್ತದೆ. ‘ಮೇ’ ಮಾತ್ರ ನಿಜವಾದ ಆಯ್ಕೆ, ಅದೂ ಬಹಳ ಸಲ ಕರೆಯುವವರ ಆಯ್ಕೆ: ‘ದ ಕಂಪನಿ ಮೇ ಎಕ್ಸ್‌ಟೆಂಡ್ ದ ಪ್ರೊಬೇಷನ್’ ಎಂದರೆ ಪ್ರೊಬೇಷನ್ ಅವಧಿಯನ್ನು ವಿಸ್ತರಿಸುವ ಅಧಿಕಾರ ಕಂಪನಿಗಿದೆ ಎಂದು. ‘ಎಸೆನ್ಷಿಯಲ್’ ಎಂಬ ತಲೆಬರಹದಡಿ ಇರುವುದೆಲ್ಲ ಇರಲೇಬೇಕು. ‘ಡಿಸೈರಬಲ್’ ಅಥವಾ ‘ಪ್ರಿಫರೆನ್ಸ್ ವಿಲ್ ಬಿ ಗಿವನ್’ ಎಂದಿದ್ದರೆ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ಅರ್ಜಿ ಹಾಕಬಹುದು. ಈ ಕೊನೆಯ ವ್ಯತ್ಯಾಸವನ್ನು ಮಕ್ಕಳಿಗೆ ಮನದಟ್ಟು ಮಾಡಿಸಲೇಬೇಕು, ಏಕೆಂದರೆ ಅದು ತಿಳಿಯದೆ ಹಿಂದೆ ಸರಿಯುವವರಲ್ಲಿ ಹಳ್ಳಿಯ ಹೆಣ್ಣುಮಕ್ಕಳು ಬಹಳ ಮಂದಿ ಇರುತ್ತಾರೆ. ‘ಟೈಪಿಂಗ್ ಡಿಸೈರಬಲ್’ ಎಂದು ಕಂಡೊಡನೆ ‘ನನಗೆ ಟೈಪಿಂಗ್ ಬರುವುದಿಲ್ಲ’ ಎಂದು ಕಾಗದ ಮಡಿಚಿಡುವುದು ಓದಿನ ತಪ್ಪೇ ಹೊರತು ಅರ್ಹತೆಯ ಕೊರತೆಯಲ್ಲ.

ಅಭ್ಯಾಸ ಹೀಗಿರಲಿ. ಒಂದು ವಾಕ್ಯವನ್ನು ಹಲಗೆಯ ಮೇಲೆ ಬರೆದು, ಅದರಲ್ಲಿನ ಸಣ್ಣ ಪದವೊಂದನ್ನು ಅಳಿಸಿ ಬೇರೊಂದನ್ನು ಇಡಿ: ‘ಆ್ಯಂಡ್’ ಇದ್ದಲ್ಲಿ ‘ಆರ್’, ‘ಬಿಫೋರ್’ ಇದ್ದಲ್ಲಿ ‘ಆನ್ ಆರ್ ಬಿಫೋರ್’, ‘ಇಫ್’ ಇದ್ದಲ್ಲಿ ‘ಅನ್‌ಲೆಸ್’. ಪ್ರತಿ ಸಲವೂ ‘ಈಗ ಯಾರು ಹೊಸದಾಗಿ ಒಳಗೆ ಬಂದರು, ಯಾರು ಹೊರಗೆ ಹೋದರು?’ ಎಂದು ಕೇಳಿ. ‘ಎಕ್ಸೆಪ್ಟ್’, ‘ಓನ್ಲಿ’, ‘ಸಬ್ಜೆಕ್ಟ್ ಟು’, ‘ಪ್ರೊವೈಡೆಡ್ ದ್ಯಾಟ್’, ‘ವಿಚ್‌ಎವರ್ ಈಸ್ ಅರ್ಲಿಯರ್’ ಇವುಗಳನ್ನೂ ಒಂದೊಂದಾಗಿ ಹೀಗೆಯೇ ಪರಿಚಯಿಸಬಹುದು.

ಐದನೆಯ ಹಂತ: ದಿನಾಂಕ ಮತ್ತು ವಯಸ್ಸು

ರೈಲ್ವೆ ಅಪ್ರೆಂಟಿಸ್ ಅಧಿಸೂಚನೆಗಳಲ್ಲಿ ಅಭ್ಯರ್ಥಿಗೆ ನಿಗದಿತ ದಿನಾಂಕದಂದು 15 ವರ್ಷ ತುಂಬಿರಬೇಕು ಮತ್ತು 24 ವರ್ಷ ತುಂಬಿರಬಾರದು ಎಂಬ ಷರತ್ತು ಇರುತ್ತದೆ. ‘ಆ್ಯಸ್ ಆನ್’ ಎಂಬ ಎರಡು ಪದಗಳ ನಂತರ ಬರುವ ದಿನಾಂಕವೇ ಇಲ್ಲಿ ಪ್ರಧಾನ. ಅರ್ಜಿಯ ಕೊನೆಯ ದಿನಾಂಕ ಅದಕ್ಕಿಂತ ಬೇರೆಯಾಗಿರಬಹುದು. ಅಭ್ಯಾಸಕ್ಕಾಗಿ ನಿಗದಿತ ದಿನಾಂಕವನ್ನು 2026ರ ಜನವರಿ 1 ಎಂದೂ ಅರ್ಜಿಗೆ ಕೊನೆಯ ದಿನವನ್ನು ಫೆಬ್ರವರಿ 15 ಎಂದೂ ಇಟ್ಟುಕೊಳ್ಳೋಣ. 2002ರ ಫೆಬ್ರವರಿ 10ರಂದು ಹುಟ್ಟಿದವನಿಗೆ ಅರ್ಜಿಯ ಕೊನೆಯ ದಿನ ಬರುವಷ್ಟರಲ್ಲಿ 24 ತುಂಬಿರುತ್ತದೆ, ಆದರೂ ಅವನು ಅರ್ಹ, ಏಕೆಂದರೆ ಜನವರಿ 1ಕ್ಕೆ ತುಂಬಿರಲಿಲ್ಲ. 2011ರ ಜನವರಿ 20ರಂದು ಹುಟ್ಟಿದವಳಿಗೆ ಅರ್ಜಿ ಹಾಕುವ ಹೊತ್ತಿಗೆ 15 ತುಂಬಿರುತ್ತದೆ, ಆದರೂ ಅವಳು ಅರ್ಹಳಲ್ಲ. ಈ ಎರಡು ಉದಾಹರಣೆಗಳನ್ನು ಮಕ್ಕಳಿಂದಲೇ ಬಿಡಿಸಿ.

ಅದೇ ಅಧಿಸೂಚನೆಗಳಲ್ಲಿ ಗರಿಷ್ಠ ವಯೋಮಿತಿಯನ್ನು ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 5 ವರ್ಷ, ಇತರ ಹಿಂದುಳಿದ ವರ್ಗದವರಿಗೆ 3 ವರ್ಷ ಸಡಿಲಿಸಿರುತ್ತಾರೆ. ‘ಹಾಗಾದರೆ ಪರಿಶಿಷ್ಟ ಜಾತಿಯ 13 ವರ್ಷದ ಹುಡುಗ ಅರ್ಜಿ ಹಾಕಬಹುದೇ?’ ಎಂದು ಕೇಳಿ. ‘ಅಪ್ಪರ್ ಏಜ್ ಲಿಮಿಟ್’ ಎಂಬುದರಲ್ಲಿನ ‘ಅಪ್ಪರ್’ ಪದವನ್ನು ಗಮನಿಸಿದವರು ಇಲ್ಲ ಎನ್ನುತ್ತಾರೆ. ಇದೇ ಪ್ರಕಟಣೆಯಲ್ಲಿ ತರಬೇತಿ ಮುಗಿದ ಮಾತ್ರಕ್ಕೆ ರೈಲ್ವೆಯಲ್ಲಿ ಕೆಲಸ ಕೇಳುವ ಹಕ್ಕು ಬರುವುದಿಲ್ಲ ಎಂಬ ಅರ್ಥದ ಸಾಲೂ ಇರುತ್ತದೆ; ಅದನ್ನು ಹುಡುಕಿಸಿ ಓದಿಸಬೇಕು. ‘ಸ್ಟೈಪೆಂಡ್’ ಎಂದರೆ ತರಬೇತಿಯ ಅವಧಿಯ ಶಿಷ್ಯವೇತನ, ಸಂಬಳವಲ್ಲ ಎಂಬುದು ಅಲ್ಲಿಯೇ ಸ್ಪಷ್ಟವಾಗುತ್ತದೆ.

ಆರನೆಯ ಹಂತ: ಒಂದು ಅಧಿಸೂಚನೆಯನ್ನು ಪೂರ್ತಿಯಾಗಿ ಅರಿಯುವುದು

ಹತ್ತನೆಯ ತರಗತಿಗೆ ನಾನು ಮೊದಲು ಸೂಚಿಸುವುದು ಗ್ರಾಮೀಣ ಡಾಕ್ ಸೇವಕ್ ಅಧಿಸೂಚನೆಯನ್ನು. ಪ್ರತಿ ಹಳ್ಳಿಯ ಮಗುವಿಗೂ ಬ್ರಾಂಚ್ ಪೋಸ್ಟ್ ಆಫೀಸು ಗೊತ್ತು, ಹುದ್ದೆಗೆ ಬೇಕಾದ ವಿದ್ಯಾರ್ಹತೆ ಹತ್ತನೆಯ ತರಗತಿಯೇ, ಮತ್ತು ಒಂದೊಂದು ಸಾಲಿನಲ್ಲಿಯೂ ಯೋಚಿಸಬೇಕಾದ ವಿಷಯವಿದೆ.

ವಿದ್ಯಾರ್ಹತೆಯ ಸಾಲಿನಿಂದ ಆರಂಭಿಸಿ. ಹತ್ತನೆಯ ತರಗತಿ ಪಾಸಾಗಿದ್ದರೆ ಸಾಕೆಂದು ಎಲ್ಲರೂ ಹೇಳುತ್ತಾರೆ, ಆದರೆ ಆ ಸಾಲು ಗಣಿತ ಮತ್ತು ಇಂಗ್ಲಿಷ್ ಎರಡನ್ನೂ ಓದಿ ಅವುಗಳಲ್ಲಿ ಪಾಸಾಗಿರಬೇಕೆಂದು ಹೇಳುತ್ತದೆ. ಮುಂದಿನ ಸಾಲು ಸ್ಥಳೀಯ ಭಾಷೆಯದು: ಅದನ್ನು ಕನಿಷ್ಠ ಸೆಕೆಂಡರಿ ಹಂತದವರೆಗೆ ಓದಿರಬೇಕು, ಕರ್ನಾಟಕ ಅಂಚೆ ವೃತ್ತದಲ್ಲಿ ಆ ಭಾಷೆ ಕನ್ನಡ. ಮನೆಯಲ್ಲಿ ಕನ್ನಡ ಮಾತನಾಡುತ್ತಾ ಮುಂಬೈಯಲ್ಲಿ ಕನ್ನಡವನ್ನು ವಿಷಯವಾಗಿ ಓದದೆಯೇ ಹತ್ತನೆಯ ತರಗತಿ ಮುಗಿಸಿದವರು ಕರ್ನಾಟಕ ವೃತ್ತದ ಹುದ್ದೆಗೆ ಅರ್ಹರೇ ಎಂಬ ಪ್ರಶ್ನೆಯನ್ನು ಕೇಳಿದರೆ ‘ಮಾತನಾಡುವುದು’ ಮತ್ತು ‘ಓದಿರುವುದು’ ಇವುಗಳ ವ್ಯತ್ಯಾಸವನ್ನು ಮಕ್ಕಳು ಗಮನಿಸುತ್ತಾರೆ. ವಯಸ್ಸು 18ರಿಂದ 40. ಸೈಕಲ್ ಹೊಡೆಯಲು ಬರಬೇಕು, ಕಂಪ್ಯೂಟರ್ ತಿಳಿದಿರಬೇಕು ಎಂಬುದೂ ಇದೆ.

ಆಯ್ಕೆಯ ವಿಧಾನದ ಭಾಗದಲ್ಲಿ ಲಿಖಿತ ಪರೀಕ್ಷೆಯ ಮಾತಿಲ್ಲ. ಹತ್ತನೆಯ ತರಗತಿಯ ಅಂಕಗಳ ಆಧಾರದ ಮೇಲೆ ಮೆರಿಟ್ ಪಟ್ಟಿ ತಯಾರಾಗುತ್ತದೆ. ಇಲ್ಲಿ ‘ಹಾಗಾದರೆ ಈ ಕೆಲಸಕ್ಕಾಗಿ ನೀವು ಯಾವಾಗ ತಯಾರಿ ಮಾಡಬೇಕು?’ ಎಂದು ಕೇಳಿ. ಉತ್ತರ ಪುಟದಲ್ಲಿ ಎಲ್ಲಿಯೂ ಬರೆದಿಲ್ಲ, ಆದರೆ ತರಗತಿಯಲ್ಲಿರುವ ಪ್ರತಿಯೊಬ್ಬರಿಗೂ ಅದು ತಿಳಿಯುತ್ತದೆ: 18 ತುಂಬಿದ ಮೇಲಲ್ಲ, ಈ ವರ್ಷವೇ.

ಅತ್ಯಂತ ಫಲವತ್ತಾದ ಸಾಲು ‘ಆ್ಯಡಿಕ್ವೇಟ್ ಮೀನ್ಸ್ ಆಫ್ ಲೈವ್‌ಲಿಹುಡ್’ ಎಂಬುದು, ಅಂದರೆ ಅಭ್ಯರ್ಥಿಗೆ ಜೀವನೋಪಾಯಕ್ಕೆ ಸಾಕಷ್ಟು ಬೇರೆ ಮಾರ್ಗ ಇರಬೇಕೆಂಬ ಷರತ್ತು. ಕೆಲಸ ಕೊಡುವವರೇ ಹೀಗೇಕೆ ಕೇಳುತ್ತಾರೆ ಎಂದು ಮಕ್ಕಳು ಬೆರಗಾಗುತ್ತಾರೆ. ಉತ್ತರಕ್ಕಾಗಿ ಇನ್ನೆರಡು ಕಡೆ ನೋಡಬೇಕು. ಕೆಲಸದ ಅವಧಿ ದಿನಕ್ಕೆ ನಾಲ್ಕರಿಂದ ಐದು ಗಂಟೆ. ಹಣದ ಭಾಗದಲ್ಲಿ ‘ಸ್ಯಾಲರಿ’ ಎಂಬ ಪದದ ಬದಲು ‘ಟೈಮ್ ರಿಲೇಟೆಡ್ ಕಂಟಿನ್ಯುಟಿ ಅಲೋಯನ್ಸ್’ ಎಂದಿದೆ. ಇತ್ತೀಚಿನ ಅಧಿಸೂಚನೆಗಳಲ್ಲಿ ಅದು ಬ್ರಾಂಚ್ ಪೋಸ್ಟ್‌ಮಾಸ್ಟರ್‌ಗೆ 12,000 ರೂಪಾಯಿಯಿಂದಲೂ ಉಳಿದ ಹುದ್ದೆಗಳಿಗೆ 10,000 ರೂಪಾಯಿಯಿಂದಲೂ ಆರಂಭವಾಗುತ್ತದೆ, ಅದರ ಮೇಲೆ ತುಟ್ಟಿಭತ್ಯೆ ಸೇರುತ್ತದೆ. ಮೂರು ಬೇರೆ ಬೇರೆ ಪುಟಗಳ ಈ ಮೂರು ಮಾತುಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಇದು ಇಡೀ ದಿನದ ಕೆಲಸವಲ್ಲ, ಇಲಾಖೆಯ ಕಾಯಂ ನೌಕರಿಗಿಂತ ಭಿನ್ನವಾದ ವ್ಯವಸ್ಥೆ ಎಂಬುದು ಗೋಚರಿಸುತ್ತದೆ. ಬ್ರಾಂಚ್ ಪೋಸ್ಟ್‌ಮಾಸ್ಟರ್ ಆಗುವವರು ಅಂಚೆ ಕಚೇರಿ ಇರುವ ಹಳ್ಳಿಯಲ್ಲೇ ವಾಸಿಸಬೇಕು ಮತ್ತು ಕಚೇರಿಗೆ ಜಾಗವನ್ನೂ ಒದಗಿಸಬೇಕು ಎಂಬ ಷರತ್ತನ್ನು ಇದಕ್ಕೆ ಸೇರಿಸಿದರೆ, ಜಮೀನೋ ಸಣ್ಣ ಅಂಗಡಿಯೋ ಇರುವ ಮನೆಯವರಿಗೆ ಇದು ಏಕೆ ಹೊಂದುತ್ತದೆ, ದೂರದ ಜಿಲ್ಲೆಯಿಂದ ಬರುವವರಿಗೆ ಏಕೆ ಕಷ್ಟವಾಗುತ್ತದೆ ಎಂದು ಮಕ್ಕಳೇ ವಿವರಿಸಬಲ್ಲರು. ಹೊಸ ಅಧಿಸೂಚನೆ ಬಂದಾಗ ಅಂಕಿಗಳನ್ನು ಅದರಿಂದಲೇ ತೆಗೆದುಕೊಳ್ಳಬೇಕು.

ಏಳನೆಯ ಹಂತ: ಅಭ್ಯರ್ಥಿಗಳ ಚೀಟಿಗಳು

ಪಠ್ಯ ಓದಿದ ಮೇಲೆ ‘ವಯೋಮಿತಿ ಎಷ್ಟು?’ ಎಂಬಂಥ ಪ್ರಶ್ನೆಗಳ ಬದಲು, ಕಾಲ್ಪನಿಕ ಅಭ್ಯರ್ಥಿಗಳ ವಿವರಗಳನ್ನು ಸಣ್ಣ ಚೀಟಿಗಳಲ್ಲಿ ಬರೆದು ಹಂಚಿ. ಒಬ್ಬರಿಗೆ ಒಟ್ಟು 82 ಶೇಕಡಾ ಅಂಕವಿದೆ, ಗಣಿತದಲ್ಲಿ ಮಾತ್ರ ಅನುತ್ತೀರ್ಣ. ಇನ್ನೊಬ್ಬರಿಗೆ 39 ವರ್ಷ, ಸೈಕಲ್ ಬರುವುದಿಲ್ಲ, ಸ್ಕೂಟರ್ ಓಡಿಸುತ್ತಾರೆ. ಮತ್ತೊಬ್ಬರಿಗೆ ಎಲ್ಲವೂ ಸರಿ ಇದೆ, ಹುಟ್ಟಿದ ದಿನಾಂಕವನ್ನು ಚೀಟಿಯಲ್ಲಿ ಕೊಟ್ಟಿಲ್ಲ. ಮಕ್ಕಳು ‘ಅರ್ಹರು’, ‘ಅರ್ಹರಲ್ಲ’, ‘ಇಷ್ಟರಿಂದ ಹೇಳಲಾಗದು’ ಎಂಬ ಮೂರರಲ್ಲಿ ಒಂದನ್ನು ಆರಿಸಿ, ಅದಕ್ಕೆ ಆಧಾರವಾದ ಇಂಗ್ಲಿಷ್ ವಾಕ್ಯದ ಮೇಲೆ ಬೆರಳಿಟ್ಟು ತೋರಿಸಬೇಕು. ಸ್ಕೂಟರಿನ ಚೀಟಿಗೆ ಬರುವ ಉತ್ತರಗಳು ತರಗತಿಯನ್ನು ಎರಡು ಪಾಲು ಮಾಡುತ್ತವೆ. ಅಧಿಸೂಚನೆಯಲ್ಲಿ ಸ್ಕೂಟರ್ ಅಥವಾ ಮೋಟಾರ್ ಸೈಕಲ್ ಬಲ್ಲವರನ್ನು ಸೈಕಲ್ ಬಲ್ಲವರೆಂದು ಪರಿಗಣಿಸಬಹುದು ಎಂಬರ್ಥದ ಸಾಲನ್ನು ಹುಡುಕಿಕೊಳ್ಳಲು ಅವರಿಗೇ ಬಿಡಿ.

ಅಂಕ ಕೊಡುವುದಾದರೆ ಅರ್ಧವನ್ನು ಉತ್ತರಕ್ಕೂ ಅರ್ಧವನ್ನು ಆಧಾರದ ಸಾಲು ತೋರಿಸಿದ್ದಕ್ಕೂ ಕೊಡಿ. ವಿವರಣೆಯನ್ನು ಕನ್ನಡದಲ್ಲಿ ಹೇಳಲು ಅವಕಾಶವಿರಲಿ. ಓದಿ ಅರಿಯುವುದೂ ಇಂಗ್ಲಿಷಿನಲ್ಲಿ ಬರೆಯುವುದೂ ಎರಡು ಬೇರೆ ಸಾಮರ್ಥ್ಯಗಳು. ಎರಡನ್ನೂ ಒಟ್ಟಿಗೆ ಕೇಳಿದರೆ, ಅರ್ಥವಾಗಿರುವ ಮಗುವೂ ಬರೆಯಲಾರದೆ ಸುಮ್ಮನಾಗುತ್ತದೆ, ಶಿಕ್ಷಕರು ಅದಕ್ಕೆ ಅರ್ಥವೇ ಆಗಿಲ್ಲವೆಂದು ತಿಳಿಯುತ್ತಾರೆ. ‘ಹೇಳಲಾಗದು’ ಎಂಬ ಉತ್ತರ ಬಂದಲ್ಲಿ ಮಾತ್ರ ಇಂಗ್ಲಿಷ್ ಬರವಣಿಗೆಗೆ ಸಾಗಬಹುದು: ತಿಳಿಯದ ವಿವರವನ್ನು ಕೇಳಿ ಕಚೇರಿಗೆ ಒಂದೇ ಸಾಲಿನ ಪತ್ರ ಬರೆಯಲಿ. ವಾರಕ್ಕೆ ಒಂದು ಪೀರಿಯಡ್ ಇದಕ್ಕೆ ಮೀಸಲಿಟ್ಟರೆ ಸಾಕು.

ಎಂಟನೆಯ ಹಂತ: ಮೋಸದ ಜಾಹೀರಾತನ್ನು ಗುರುತಿಸುವುದು

ಒಂದು ಅಸಲಿ ಪ್ರಕಟಣೆಯನ್ನೂ ಮೊಬೈಲಿಗೆ ಬಂದ ಒಂದು ಅನುಮಾನಾಸ್ಪದ ಸಂದೇಶವನ್ನೂ ಅಕ್ಕಪಕ್ಕ ಇಟ್ಟು ಎರಡನೆಯ ಹಂತದ ಆರು ಪ್ರಶ್ನೆಗಳನ್ನೇ ಮತ್ತೆ ಕೇಳಿ. ಮೋಸದ ಸಂದೇಶದಲ್ಲಿ ‘ಏನು ಕೊಡುತ್ತಾರೆ’ ಎಂಬುದಕ್ಕೆ ದೊಡ್ಡ ಉತ್ತರವಿರುತ್ತದೆ, ‘ಕರೆಯುತ್ತಿರುವವರು ಯಾರು’ ಮತ್ತು ‘ಯಾವ ಕೆಲಸಕ್ಕೆ’ ಎಂಬುದಕ್ಕೆ ಉತ್ತರವೇ ಇರುವುದಿಲ್ಲ. ‘ಅರ್ನ್ ಅಪ್ ಟು’, ‘ನೋ ಎಕ್ಸ್‌ಪೀರಿಯೆನ್ಸ್ ನೀಡೆಡ್’, ‘ಲಿಮಿಟೆಡ್ ಸೀಟ್ಸ್’, ‘ರಿಫಂಡಬಲ್ ಡೆಪಾಸಿಟ್’ ಎಂಬ ಮಾತುಗಳು ಒಂದೇ ಕಡೆ ಗುಂಪಾಗಿ ಬಂದರೆ ಎಚ್ಚರ ವಹಿಸಬೇಕು. ಆದರೆ ಹಣ ಕೇಳುವುದೆಲ್ಲ ಮೋಸವೆಂದು ಕಲಿಸುವುದೂ ಸರಿಯಲ್ಲ. ಡಾಕ್ ಸೇವಕ್ ಅರ್ಜಿಗೆ 100 ರೂಪಾಯಿ ಶುಲ್ಕವಿದೆ, ಮಹಿಳೆಯರಿಗೂ ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೂ ಅಂಗವಿಕಲರಿಗೂ ಅದರಿಂದ ವಿನಾಯಿತಿಯಿದೆ, ಮತ್ತು ಅದನ್ನು ಕಟ್ಟಬೇಕಾದದ್ದು ಇಲಾಖೆಯ ಜಾಲತಾಣದಲ್ಲಿ, ಯಾರದೋ ಮೊಬೈಲ್ ಸಂಖ್ಯೆಗಲ್ಲ. ಯಾರಿಗೆ, ಎಲ್ಲಿ, ಯಾವುದಕ್ಕಾಗಿ ಎಂದು ಓದಿ ನೋಡುವುದೇ ಇಲ್ಲಿನ ಪಾಠ. ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಜಾಲತಾಣಗಳ ವಿಳಾಸ ಸಾಮಾನ್ಯವಾಗಿ ‘ಗವ್ ಡಾಟ್ ಇನ್’ ಅಥವಾ ‘ನಿಕ್ ಡಾಟ್ ಇನ್’ ಎಂದು ಮುಗಿಯುತ್ತದೆ; ವಿಳಾಸದ ಮಧ್ಯದಲ್ಲಿ ಆ ಅಕ್ಷರಗಳು ಇದ್ದರೆ ಸಾಲದು. ಹಣ ಕಳೆದುಕೊಂಡವರು ತಡಮಾಡದೆ ಸೈಬರ್ ವಂಚನೆಯ 1930 ಸಹಾಯವಾಣಿಗೆ ಕರೆ ಮಾಡಬೇಕೆಂಬುದನ್ನು ಮಕ್ಕಳು ಮನೆಯಲ್ಲಿಯೂ ಹೇಳಲಿ.

ಒಂಬತ್ತನೆಯ ಹಂತ: ಆಫರ್ ಲೆಟರ್

ಇದನ್ನು ಚಿಕ್ಕದಾಗಿ ಮುಗಿಸಬಹುದು. ‘ಸಿಟಿಸಿ’ (ನೌಕರನಿಗಾಗಿ ಕಂಪನಿ ಮಾಡುವ ಒಟ್ಟು ವೆಚ್ಚ) ಎಂದು ಬರೆದ ಮೊತ್ತ ಕೈಗೆ ಬರುವ ಸಂಬಳವಲ್ಲ; ಭವಿಷ್ಯನಿಧಿಗೆ ಕಂಪನಿ ಕಟ್ಟುವ ಪಾಲೂ ಅದರಲ್ಲಿ ಸೇರಿರುತ್ತದೆ. ನೌಕರನ ಪಾಲು ಮೂಲ ವೇತನದ 12 ಶೇಕಡಾ ಎಂದಾದರೆ 12,000 ರೂಪಾಯಿಗೆ 1,440 ರೂಪಾಯಿ ಕಡಿತವಾಗುತ್ತದೆ, ಇಎಸ್‌ಐ ಎಂಬ ನೌಕರರ ವಿಮೆ ಅನ್ವಯಿಸುವವರಿಗೆ ವೇತನದ 0.75 ಶೇಕಡಾ ಕೂಡ. ಈ ಲೆಕ್ಕವನ್ನು ಗಣಿತದ ಶಿಕ್ಷಕರ ಜೊತೆ ಸೇರಿ ಮಾಡಿಸಬಹುದು. ಕೆಲಸ ಬಿಡಲು ಅಥವಾ ಬಿಡಿಸಲು ಮುಂಚಿತವಾಗಿ ತಿಳಿಸಬೇಕಾದ ‘ನೋಟಿಸ್ ಪೀರಿಯಡ್’ ಎಷ್ಟು ದಿನ, ಅದು ನೌಕರನಿಗೂ ಕಂಪನಿಗೂ ಸಮಾನವೇ, ಮೂಲ ಅಂಕಪಟ್ಟಿಯನ್ನು ಕಂಪನಿಯಲ್ಲಿ ಇಟ್ಟುಕೊಳ್ಳುವ ಷರತ್ತೇನಾದರೂ ಇದೆಯೇ ಎಂಬ ಮೂರು ಪ್ರಶ್ನೆಗಳಿಗೆ ಪತ್ರದಲ್ಲಿ ಉತ್ತರ ಹುಡುಕಿಸಿ.

ಹತ್ತನೆಯ ಹಂತ: ಅರ್ಜಿ ನಮೂನೆಯ ಸೂಚನೆಗಳು

ನಮೂನೆಯ ಇಂಗ್ಲಿಷ್ ಬೇರೆ ಬಗೆಯದು. ಅಲ್ಲಿ ಪೂರ್ಣ ವಾಕ್ಯಗಳಿಲ್ಲ, ಆಜ್ಞೆಗಳಿವೆ: ‘ಫಿಲ್ ಇನ್ ಬ್ಲಾಕ್ ಲೆಟರ್ಸ್’, ‘ಸ್ಟ್ರೈಕ್ ಔಟ್ ವಿಚ್‌ಎವರ್ ಈಸ್ ನಾಟ್ ಅಪ್ಲಿಕಬಲ್’, ‘ಅಫಿಕ್ಸ್ ರೀಸೆಂಟ್ ಫೋಟೋಗ್ರಾಫ್’, ‘ಎನ್‌ಕ್ಲೋಸ್ ಸೆಲ್ಫ್ ಅಟೆಸ್ಟೆಡ್ ಕಾಪೀಸ್’. ಇವನ್ನು ಓದಿ ಅರ್ಥ ಹೇಳಿಸುವುದಕ್ಕಿಂತ ಓದಿ ಮಾಡಿಸುವುದು ಮೇಲು. ಖಾಲಿ ನಮೂನೆಯನ್ನು ಹಂಚಿ, ಬಾಯಲ್ಲಿ ಏನೂ ಹೇಳದೆ, ತುಂಬಲು ಬಿಡಿ. ಅನ್ವಯಿಸದ್ದನ್ನು ಹೊಡೆದುಹಾಕಬೇಕಾದಲ್ಲಿ ಅನ್ವಯಿಸುವುದಕ್ಕೆ ಟಿಕ್ ಹಾಕಿದವರಿಗೆ ಆ ಸೂಚನೆಯನ್ನು ಮತ್ತೊಮ್ಮೆ ಗಟ್ಟಿಯಾಗಿ ಓದಲು ಹೇಳಿದರೆ ತಪ್ಪು ತಾನಾಗಿ ತಿಳಿಯುತ್ತದೆ.

ನಮ್ಮ ಮಕ್ಕಳು ಹೆಚ್ಚು ತಡವರಿಸುವುದು ‘ಫಸ್ಟ್ ನೇಮ್’, ‘ಮಿಡ್ಲ್ ನೇಮ್’, ‘ಸರ್‌ನೇಮ್’ ಎಂಬ ಮೂರು ಖಾನೆಗಳಲ್ಲಿ. ಊರಿನ ಮತ್ತು ತಂದೆಯ ಹೆಸರಿನ ಮೊದಲ ಅಕ್ಷರಗಳನ್ನು ಇನಿಶಿಯಲ್ ಆಗಿ ಬರೆಯುವ ನಮ್ಮ ದಕ್ಷಿಣದ ಜಿಲ್ಲೆಗಳ ರೂಢಿಗೆ ಆ ಖಾನೆಗಳು ಹೊಂದುವುದಿಲ್ಲ. ಉತ್ತರ ಕರ್ನಾಟಕದಲ್ಲಿ ಅಡ್ಡಹೆಸರು ಇರುವವರಿಗೆ ಅಷ್ಟು ತೊಡಕಿಲ್ಲ. ಈ ಖಾನೆಗಳ ಕೆಳಗೆ ಬಹುಪಾಲು ‘ಆ್ಯಸ್ ಪರ್ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್’ ಎಂಬ ಅರ್ಥದ ಸಣ್ಣ ಅಕ್ಷರದ ಸೂಚನೆ ಇರುತ್ತದೆ, ಅದನ್ನು ಪಾಲಿಸುವುದೇ ದಾರಿ: ಅಂಕಪಟ್ಟಿಯಲ್ಲಿ ಇನಿಶಿಯಲ್ ಹೆಸರಿನ ಹಿಂದಿದ್ದರೆ ಹಿಂದೆ, ಮುಂದಿದ್ದರೆ ಮುಂದೆ, ಒಂದಕ್ಷರವೂ ವ್ಯತ್ಯಾಸವಾಗದಂತೆ. ಆದ್ದರಿಂದ ಈ ಹಂತವನ್ನು ಹತ್ತನೆಯ ತರಗತಿಯ ಮಕ್ಕಳ ವಿವರಗಳನ್ನು ಶಾಲೆಯಿಂದ ಪರೀಕ್ಷಾ ಮಂಡಳಿಗೆ ಕಳುಹಿಸುವ ಮೊದಲೇ ಮಾಡಿಸಿ. ಆ ದಿನ ಪ್ರತಿ ಮಗುವೂ ಆಧಾರ್ ಕಾರ್ಡಿನ ಪ್ರತಿಯನ್ನು ತಂದು, ಅದರಲ್ಲಿನ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನೂ ಹುಟ್ಟಿದ ದಿನಾಂಕವನ್ನೂ ಶಾಲೆಯ ದಾಖಲಾತಿ ವಹಿಯಲ್ಲಿರುವುದರೊಂದಿಗೆ ಒಂದೊಂದಾಗಿ ಹೋಲಿಸಿ ಓದಲಿ. ವ್ಯತ್ಯಾಸ ಕಂಡವರ ಪಟ್ಟಿಯನ್ನು ಅಂದೇ ಮುಖ್ಯೋಪಾಧ್ಯಾಯರಿಗೆ ಕೊಡಿ.